ಕಳೆಗಳೂ ಕಾಯಿಪಲ್ಲೆಗಳೂ: ಮಣ್ಣಿನೊಳಗಣ ಪರಸ್ಪರ ಬಾಧೆ

'ಕಳೆ' ಎಂಬ ಎರಡಕ್ಷರದ ಶಬ್ದಕ್ಕೆ ಕನ್ನಡದಲ್ಲಿ ಅರ್ಥಗಳು ಹಲವು. ಸಂಸ್ಕೃತದ 'ಕಲಾ' ಶಬ್ದದಿಂದ ತದ್ಭವವಾಗಿ ಬಂದ ಕಳೆಯು ಕಾಂತಿಯನ್ನು ಸೂಚಿಸುತ್ತದೆ. ಮುಖದ ಕಳೆ, ಚಂದ್ರನ ಕಳೆ ಎಂಬ ಪ್ರಯೋಗಗಳು ಸರ್ವವಿದಿತ. ಅಚ್ಚಗನ್ನಡದ ಕಳೆಯ ಹುಟ್ಟೇ ಬೇರೆ. ಕ್ರಿಯಾಪದವಾದಾಗ ಅದಕ್ಕೆ ತೊಲಗಿಸು, ನೀಗು ಎಂಬ ಅರ್ಥ. ನಾಮಪದವಾದಾಗ ಬಿತ್ತದೆ ಬೆಳೆದು ಪೈರಿಗೆ ಅಡ್ಡಬರುವ ಸಸ್ಯವೆಂಬ ಅರ್ಥ. ತಮಿಳಿನ 'ಕಳೈ' ಶಬ್ದವೂ ಈ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ತೊಲಗಿಸತಕ್ಕದ್ದು ಎಂಬ ಭಾವವನ್ನು ಹೆಸರಿನಲ್ಲಿಯೇ ಹೊತ್ತಿರುವ ಸಸ್ಯವಿದು.

ಏಕೆ ತೊಲಗಿಸಬೇಕು ಎಂದು ಕೇಳಿದರೆ ಒಕ್ಕಲಿಗನ ಉತ್ತರ ಸಿದ್ಧವಾಗಿದೆ: ಕಳೆ ನೀರನ್ನು ಕುಡಿಯುತ್ತದೆ, ಗೊಬ್ಬರವನ್ನು ತಿನ್ನುತ್ತದೆ, ಬಿಸಿಲನ್ನು ಮರೆಮಾಡುತ್ತದೆ. ಈ ಉತ್ತರ ಸತ್ಯವೇ. ಆದರೆ ಪೂರ್ಣ ಸತ್ಯವಲ್ಲ. ಕಳೆಯನ್ನು ಕಿತ್ತು ಹಸನು ಮಾಡಿದ ಮಡಿಯಲ್ಲಿ, ನೀರು ಗೊಬ್ಬರಗಳಿಗೆ ಕೊರತೆಯಿಲ್ಲದಿದ್ದರೂ, ಬಿತ್ತಿದ ಟೊಮೇಟೊ ಅಥವಾ ಮೂಲಂಗಿಯ ಬೀಜ ಕೆಲವೊಮ್ಮೆ ಸರಿಯಾಗಿ ಮೊಳೆಯುವುದಿಲ್ಲ. ಮೊಳೆತರೂ ಬೇರು ಗಿಡ್ಡವಾಗಿ, ತುದಿ ಕಂದಾಗಿ, ಸಸಿ ಏಳದೆ ನಿಲ್ಲುತ್ತದೆ. ಅಂತಹ ವೇಳೆಯಲ್ಲಿ ಬೀಜ ಮಾರಿದವನನ್ನೋ ಹವೆಯನ್ನೋ ದೂರುವುದು ರೂಢಿ. ಆದರೆ ದೋಷದ ಒಂದು ಪಾಲು ಕಿತ್ತುಹಾಕಿದ ಕಳೆಯಲ್ಲಿಯೂ ಇರಬಹುದು. ಕಳೆ ಹೋದಮೇಲೂ ಅದು ಬಿಟ್ಟುಹೋದ ರಸಾಯನವು ಮಣ್ಣಿನಲ್ಲಿ ಕೆಲಕಾಲ ಉಳಿದು ಕೆಲಸ ಮಾಡಬಲ್ಲುದು. ಈ ವಿಷಯದಲ್ಲಿ ವಿಜ್ಞಾನ ಕಂಡುಕೊಂಡಿರುವುದೇನು, ಅದನ್ನು ಎಷ್ಟರಮಟ್ಟಿಗೆ ನಂಬಬೇಕು, ಕಾಯಿಪಲ್ಲೆ ಬೆಳೆಯುವವನು ಅದರಿಂದ ಕಲಿಯಬೇಕಾದುದೇನು ಎಂಬುದೇ ಈ ಲೇಖನದ ವಿಚಾರ.

ಹೆಸರು ಮತ್ತು ಹಿನ್ನೆಲೆ

ಒಂದು ಸಸ್ಯವು ತಾನು ಹೊರಸೂಸುವ ರಾಸಾಯನಿಕ ದ್ರವ್ಯಗಳಿಂದ ಮತ್ತೊಂದು ಸಸ್ಯದ ಮೇಲೆ ಪರಿಣಾಮವುಂಟುಮಾಡುವುದಕ್ಕೆ ಶಾಸ್ತ್ರಜ್ಞರು 'ಅಲೆಲೋಪತಿ' ಎಂದು ಹೆಸರಿಟ್ಟಿದ್ದಾರೆ. ಪರಸ್ಪರ ಎಂಬರ್ಥದ ಒಂದು ಗ್ರೀಕ್ ಶಬ್ದವೂ ಬಾಧೆ ಅಥವಾ ಅನುಭವ ಎಂಬರ್ಥದ ಇನ್ನೊಂದು ಗ್ರೀಕ್ ಶಬ್ದವೂ ಕೂಡಿ ಆದ ಪದವಿದು. ಇದನ್ನು 'ಅನ್ಯೋನ್ಯ ಬಾಧೆ' ಎಂದು ಕನ್ನಡಿಸಬಹುದಾದರೂ, ನಮ್ಮ ನಿತ್ಯವ್ಯವಹಾರದಲ್ಲಿ ಅನ್ಯೋನ್ಯವೆಂದರೆ ಸ್ನೇಹವೆಂದೇ ಅರ್ಥವಾಗಿಬಿಟ್ಟಿದೆ. ಅತ್ತಿಗೆ ನಾದಿನಿಯರು ಅನ್ಯೋನ್ಯವಾಗಿದ್ದಾರೆ ಎಂದರೆ ಒಬ್ಬರನ್ನೊಬ್ಬರು ಬಾಧಿಸುತ್ತಿದ್ದಾರೆಂದು ಯಾರೂ ತಿಳಿಯರು. ಆದುದರಿಂದ 'ಪರಸ್ಪರ ಬಾಧೆ' ಎಂಬ ಮಾತೇ ಲೇಸು.

ಈ ಹೆಸರನ್ನು 1937ರಲ್ಲಿ ಬಳಕೆಗೆ ತಂದವನು ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಹಾನ್ಸ್ ಮೋಲಿಷ್. ಈತನು 1928-29ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರ ಸಂಸ್ಥೆಯಲ್ಲಿ ಕೆಲಕಾಲ ಕೆಲಸ ಮಾಡಿದ್ದನೆಂಬುದು ಸ್ಮರಣೀಯ. ಮಾಗಿದ ಸೇಬಿನಿಂದ ಹೊರಡುವ ಎಥಿಲೀನ್ ಅನಿಲವು ಸಮೀಪದ ಸಸಿಗಳ ಬೆಳವಣಿಗೆಯನ್ನು ಬದಲಿಸುವುದನ್ನು ಅವನು ಪ್ರಯೋಗಗಳಿಂದ ತೋರಿಸಿದನು. ಕಾಯಿಗಳ ನಡುವೆ ಒಂದು ಹಣ್ಣನ್ನಿಟ್ಟು ಮಾಗಿಸುವ ನಮ್ಮ ಗೃಹಿಣಿಯರ ಜಾಣ್ಮೆಯ ಹಿಂದೆಯೂ ಇದೇ ಅನಿಲವಿದೆ. ಮೋಲಿಷನು ಈ ಪದದಲ್ಲಿ ಕೇಡನ್ನು ಮಾತ್ರವಲ್ಲದೆ ಒಳಿತನ್ನೂ ಅಡಕಮಾಡಿದ್ದನು.

ಹೆಸರು ಹೊಸದಾದರೂ ಊಹೆ ಹಳೆಯದು. ಬೇರುಗಳು ಮಣ್ಣಿಗೆ ಹಾನಿಕರ ವಸ್ತುಗಳನ್ನು ವಿಸರ್ಜಿಸುತ್ತವೆ, ಅದರಿಂದಲೇ ಒಂದೇ ಬೆಳೆಯನ್ನು ಮತ್ತೆ ಮತ್ತೆ ಇಡಬಾರದು ಎಂದು ಸ್ವಿಟ್ಜರ್ಲೆಂಡಿನ ಡಿ ಕಾಂಡೋಲ್ 1832ರಲ್ಲಿಯೇ ಬರೆದನು. ಅನಂತರ ಲೀಬಿಗ್ ಮೊದಲಾದವರ ಖನಿಜಪೋಷಣೆಯ ಸಿದ್ಧಾಂತವು ಪ್ರಬಲವಾಗಿ ಈ ಊಹೆ ಹಿಂದೆ ಸರಿಯಿತು. ಅಮೆರಿಕದಲ್ಲಿ ಕರಿಯ ವಾಲ್‌ನಟ್ ಮರದ ಬೇರು ಹಬ್ಬಿದೆಡೆಯಲ್ಲಿ ಟೊಮೇಟೊ ಗಿಡಗಳು ಬಾಡಿ ಸಾಯುವುದು 1925ರಲ್ಲಿ ವರದಿಯಾಯಿತು. ಆ ಮರದಲ್ಲಿರುವ ಜುಗ್ಲೋನ್ ಎಂಬ ವಸ್ತುವೇ ಕಾರಣವೆಂದು ಮುಂದೆ ಪ್ರತಿಪಾದಿಸಲಾಯಿತು.

ನಮ್ಮ ಪ್ರಾಚೀನರೂ ಸಸ್ಯಗಳ ನೆರೆಹೊರೆಯನ್ನು ಗಮನಿಸದೆ ಇರಲಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ, ಒತ್ತೊತ್ತಾಗಿ ಬೆಳೆದು ಬೇರು ಹೆಣೆದುಕೊಂಡ ಮರಗಳು ಪೀಡೆಗೊಳಗಾಗಿ ಚೆನ್ನಾಗಿ ಫಲಿಸುವುದಿಲ್ಲವೆಂದು ಹೇಳಿ, ಮರಮರಗಳ ನಡುವೆ ಇಪ್ಪತ್ತು ಮೊಳದ ಅಂತರ ಉತ್ತಮವೆಂದು ವಿಧಿಸಿದ್ದಾನೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಕನ್ನಡ ಗ್ರಂಥ 'ಲೋಕೋಪಕಾರ'ದಲ್ಲಿಯೂ ವೃಕ್ಷಾಯುರ್ವೇದಕ್ಕೆ ಎಡೆಯುಂಟು. ಹಾಗೆಂದು ಇಂದಿನ ರಸಾಯನಶಾಸ್ತ್ರವನ್ನು ಆ ಗ್ರಂಥಗಳೊಳಗೆ ಎಳೆದು ತುರುಕಬೇಕಾಗಿಲ್ಲ. ವರಾಹಮಿಹಿರನು ಹೇಳಿದ್ದು ಇಕ್ಕಟ್ಟಿನ ಮಾತು, ವಿಷದ ಮಾತಲ್ಲ. ಇವೆರಡರ ಭೇದವೇ ಈ ವಿಷಯದ ತಿರುಳು.

ರಸಾಯನವು ಹೊರಬೀಳುವ ನಾಲ್ಕು ದಾರಿಗಳು

ಸಸ್ಯಗಳು ತಮ್ಮ ಒಡಲಿನಲ್ಲಿ ಆಹಾರಕ್ಕೆ ನೇರವಾಗಿ ಬೇಕಿಲ್ಲದ ಅನೇಕ ವಸ್ತುಗಳನ್ನು ನಿರ್ಮಿಸುತ್ತವೆ. ಫಿನಾಲಿಕ ಆಮ್ಲಗಳು, ಟರ್ಪೀನುಗಳು, ಆಲ್ಕಲಾಯ್ಡುಗಳು ಈ ಬಗೆಯವು. ತುಳಸಿಯ ಪರಿಮಳ, ಬೇವಿನ ಕಹಿ, ಮೆಣಸಿನ ಕಾರ ಇವೆಲ್ಲ ಇಂತಹ ವಸ್ತುಗಳ ಗುಣಗಳೇ. ಕೀಟ, ರೋಗ, ಮೇಯುವ ಪ್ರಾಣಿ ಇವುಗಳಿಂದ ರಕ್ಷಣೆಯೇ ಬಹುಶಃ ಇವುಗಳ ಮುಖ್ಯ ಪ್ರಯೋಜನ. ಇವು ನಾಲ್ಕು ದಾರಿಗಳಿಂದ ನೆರೆಯ ಸಸ್ಯವನ್ನು ಮುಟ್ಟುತ್ತವೆ.

ಮೊದಲನೆಯದು, ಮಳೆ ಮಂಜುಗಳು ಎಲೆಯನ್ನು ತೊಳೆದು ಇಳಿಸುವುದು. ಎರಡನೆಯದು, ಜೀವಂತ ಬೇರಿನಿಂದ ನೇರವಾಗಿ ಸ್ರವಿಸುವುದು. ಜೋಳದ ಬೇರಿನ ರೋಮಗಳಿಂದ ಒಸರುವ ಸೋರ್ಗೊಲಿಯೋನ್ ಎಂಬ ಎಣ್ಣೆಯಂತಹ ದ್ರವ್ಯವು ಹಲವು ಕಳೆಗಳ ಸಸಿಗಳನ್ನು ಕುಗ್ಗಿಸುತ್ತದೆ. ಅಂದರೆ ಈ ವಿದ್ಯೆ ಕಳೆಗಳ ಸೊತ್ತು ಮಾತ್ರವಲ್ಲ, ಬೆಳೆಗಳಿಗೂ ತಿಳಿದಿದೆ. ಮೂರನೆಯದು, ಸುವಾಸನೆಯುಳ್ಳ ಗಿಡಗಳಿಂದ ಆವಿಯಾಗಿ ಗಾಳಿಗೆ ಸೇರುವುದು. ನಾಲ್ಕನೆಯದು, ಸತ್ತ ಗಿಡ ಕೊಳೆಯುವಾಗ ಮಣ್ಣಿಗೆ ಬಿಡುಗಡೆಯಾಗುವುದು. ಕಾಯಿಪಲ್ಲೆಯ ತೋಟದ ಮಟ್ಟಿಗೆ ಈ ನಾಲ್ಕನೆಯ ದಾರಿಯೇ ಅತ್ಯಂತ ಗಮನಾರ್ಹ. ಏಕೆಂದರೆ ಕಳೆಯನ್ನು ಕಿತ್ತು ಅಲ್ಲಿಯೇ ಹೂಳುವವನು ಅದನ್ನು ಸ್ವಹಸ್ತದಿಂದಲೇ ತೆರೆಯುತ್ತಾನೆ.

ಬೀಜದಲ್ಲಿಯೂ ಸಸಿಯಲ್ಲಿಯೂ ನಡೆಯುವುದೇನು?

ಒಣಗಿದ ಬೀಜವು ನಿದ್ರಿಸುತ್ತಿರುವ ಶಿಶುವಿನಂತೆ. ಅದು ಮೊದಲು ನೀರನ್ನು ಹೀರಿ ಉಬ್ಬುತ್ತದೆ, ಉಸಿರಾಟ ಚುರುಕಾಗುತ್ತದೆ, ಕಿಣ್ವಗಳು ಎಚ್ಚತ್ತು, ಬೇಳೆಯಲ್ಲಿ ಕೂಡಿಟ್ಟ ಪಿಷ್ಟ, ಎಣ್ಣೆ, ಪ್ರೋಟೀನುಗಳನ್ನು ಕರಗಿಸಿ ಮೊಳಕೆಗೆ ಉಣಿಸುತ್ತವೆ, ಆಗ ಎಳೆಬೇರು ಸಿಪ್ಪೆಯನ್ನು ಸೀಳಿ ಹೊರಬರುತ್ತದೆ. ಕಳೆಯ ರಸಾಯನಗಳು ಈ ಹಂತಗಳಲ್ಲಿ ಒಂದನ್ನೋ ಹಲವನ್ನೋ ತಡೆಯಬಲ್ಲವು. ಕೆಲವು ಜೀವಕೋಶದ ಪೊರೆಯನ್ನು ಸಡಿಲಿಸುತ್ತವೆ. ಕೆಲವು ಉಸಿರಾಟವನ್ನು ಕುಂದಿಸುತ್ತವೆ. ಕೆಲವು ಬೇರಿನ ತುದಿಯಲ್ಲಿ ಕೋಶವಿಭಜನೆಯನ್ನು ನಿಧಾನಗೊಳಿಸುತ್ತವೆ. ಇನ್ನು ಕೆಲವು ಬೇರು ಲವಣಗಳನ್ನು ಹೀರುವ ಶಕ್ತಿಯನ್ನು ಕುಗ್ಗಿಸುತ್ತವೆ.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ನೆನಪಿಡಬೇಕು. ಮೊಳೆತ ಬೀಜಗಳ ಎಣಿಕೆಗಿಂತ ಎಳೆಬೇರಿನ ಉದ್ದವು ಸಾಮಾನ್ಯವಾಗಿ ಈ ಬಾಧೆಯನ್ನು ಬೇಗನೆ ತೋರಿಸುತ್ತದೆ. ಬೀಜವು ತನ್ನ ಬುತ್ತಿಯಿಂದ ಹೇಗೋ ಮೊಳೆಯುತ್ತದೆ. ಆದರೆ ಹೊರಬಂದ ಬೇರು ಮಣ್ಣಿನ ದ್ರವದಲ್ಲಿ ನೇರವಾಗಿ ಅದ್ದಿಕೊಂಡಿರುವುದರಿಂದ ಮೊದಲ ಪೆಟ್ಟು ಅದಕ್ಕೆ. ಎರಡನೆಯದು, ಬೀಜದ ಗಾತ್ರ. ಹುರುಳಿಕಾಯಿಯಂತಹ ದಪ್ಪ ಬೀಜಕ್ಕೆ ಬುತ್ತಿ ದೊಡ್ಡದು. ಟೊಮೇಟೊ, ಈರುಳ್ಳಿ, ಗಜ್ಜರಿ, ಹರಿವೆಯಂತಹ ಸಣ್ಣ ಬೀಜಗಳಿಗೆ ಬುತ್ತಿ ಅಲ್ಪ. ಆದುದರಿಂದ ಸಣ್ಣ ಬೀಜದ ತರಕಾರಿಗಳ ಸಸಿಮಡಿಯೇ ಈ ಬಾಧೆಗೆ ಹೆಚ್ಚು ಈಡಾಗುವ ಸ್ಥಳ.

ಪ್ರಮಾಣವೂ ಮುಖ್ಯ. ಹೆಚ್ಚಾದಾಗ ಬೇರನ್ನು ತಡೆಯುವ ವಸ್ತುವೇ ಅತ್ಯಲ್ಪ ಪ್ರಮಾಣದಲ್ಲಿ ಅದನ್ನು ಕೊಂಚ ಉತ್ತೇಜಿಸುವುದೂ ಉಂಟು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ಇಲ್ಲಿ ತಿರುಗಿಸಿಯೂ ಓದಬಹುದು.

ಪಾರ್ಥೇನಿಯಂ: ಒಂದು ನಿದರ್ಶನ

ಕರ್ನಾಟಕದವರಿಗೆ ಈ ವಿಷಯವನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ರಸ್ತೆಯ ಬದಿಯಲ್ಲಿ, ರೈಲುದಾರಿಯ ಮಗ್ಗುಲಲ್ಲಿ, ಪಾಳುಬಿದ್ದ ನಿವೇಶನದಲ್ಲಿ, ಹೊಲದ ಬದುವಿನಲ್ಲಿ ಎಲ್ಲೆಲ್ಲೂ ಬಿಳಿಯ ಸಣ್ಣ ಹೂಗಳನ್ನು ಹೊತ್ತು ನಿಂತಿರುವ ಪಾರ್ಥೇನಿಯಂ ಗಿಡವನ್ನು ಕಾಣದವರಿಲ್ಲ. ಜನ ಇದನ್ನು ಕಾಂಗ್ರೆಸ್ ಗಿಡ, ಕಾಂಗ್ರೆಸ್ ಹುಲ್ಲು ಎಂದು ಕರೆಯುತ್ತಾರೆ. ಹೂವಿನ ಬಿಳುಪು ಬಿಳಿಯ ಟೊಪ್ಪಿಗೆಯನ್ನು ನೆನಪಿಸುವುದೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಹುಲ್ಲೆಂದು ಕರೆದರೂ ಇದು ಹುಲ್ಲಲ್ಲ. ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ ಗಿಡ. ಇದರ ತವರು ಉಷ್ಣ ಅಮೆರಿಕ. 1955-56ರ ಸುಮಾರಿಗೆ ಪುಣೆಯ ಪರಿಸರದಲ್ಲಿ ಇದನ್ನು ಗುರುತಿಸಲಾಯಿತು. ಹೊರದೇಶದಿಂದ ಆಮದಾದ ಗೋಧಿಯೊಡನೆ ಇದರ ಬೀಜ ಬಂದಿತೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಚೆನ್ನಾಗಿ ಬೆಳೆದ ಒಂದೇ ಗಿಡ ಹದಿನೈದು ಇಪ್ಪತ್ತು ಸಾವಿರ ಬೀಜಗಳನ್ನು ಉದುರಿಸಬಲ್ಲುದು. ಮೊಳೆತ ಒಂದೂವರೆ ತಿಂಗಳೊಳಗೆ ಅದು ಹೂಬಿಡಬಲ್ಲುದೆಂದಮೇಲೆ ಅದರ ದಿಗ್ವಿಜಯಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಈ ಗಿಡದ ಎಲೆ ಕಾಂಡಗಳ ಮೇಲಿನ ನವಿರಾದ ರೋಮಗಳಲ್ಲಿ ಪಾರ್ಥೇನಿನ್ ಎಂಬ ಕಹಿವಸ್ತುವಿದೆ. ಮನುಷ್ಯರ ಚರ್ಮದಲ್ಲಿ ತುರಿಕೆ, ಉರಿ, ಹುಣ್ಣುಗಳನ್ನುಂಟುಮಾಡುವುದರಲ್ಲಿಯೂ ಇದರದೇ ಮುಖ್ಯ ಪಾತ್ರ. ಇದರ ಜೊತೆಗೆ ಕೆಫೆಯಿಕ್, ವೆನಿಲಿಕ್, ಫೆರುಲಿಕ್ ಮೊದಲಾದ ಆಮ್ಲಗಳೂ ಗಿಡದಲ್ಲಿವೆ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಕಾಂಚನ್ ಮತ್ತು ಜಯಚಂದ್ರ ಅವರು ನಡೆಸಿ 1979 ಮತ್ತು 1980ರಲ್ಲಿ ಪ್ರಕಟಿಸಿದ ಸಂಶೋಧನೆಗಳು ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಉಲ್ಲೇಖಿತವಾಗಿವೆ. ಬೇರಿನ ಸ್ರಾವದಿಂದಲೂ ಒಣಗಿದ ಗಿಡದ ಅವಶೇಷದಿಂದಲೂ ಪೈರುಗಳ ಬೆಳವಣಿಗೆ ಕುಂಠಿತವಾಗುವುದನ್ನು ಅವರು ತೋರಿಸಿ, ಅದಕ್ಕೆ ಕಾರಣವಾದ ವಸ್ತುಗಳನ್ನು ಬೇರ್ಪಡಿಸಿ ಹೆಸರಿಸಿದರು. ಬೇಳೆಯ ಜಾತಿಯ ಸಸ್ಯಗಳ ಬೇರುಗಂಟುಗಳಲ್ಲಿ ಸಾರಜನಕವನ್ನು ಸ್ಥಿರಗೊಳಿಸುವ ಬ್ಯಾಕ್ಟೀರಿಯಾಗಳಿಗೂ ಈ ಕಳೆಯಿಂದ ಅಡ್ಡಿಯುಂಟಾಗುತ್ತದೆ ಎಂಬುದು ಅವರದೇ ಮುಂದಿನ ಶೋಧ.

ಇನ್ನೂ ಕುತೂಹಲಕರವಾದುದು 1980ರಲ್ಲಿ ಅದೇ ವಿಭಾಗದಿಂದ ಪ್ರಕಟವಾದ ಪರಾಗದ ಅಧ್ಯಯನ. ಪಾರ್ಥೇನಿಯಂನ ಪರಾಗವು ಅಪಾರ ಪ್ರಮಾಣದಲ್ಲಿ ಉತ್ಪತ್ತಿಯಾಗಿ ಸುತ್ತಲಿನ ಗಿಡಗಳ ಮೇಲೆ ಬೀಳುತ್ತದೆ. ಅದು ಟೊಮೇಟೊ, ಬದನೆ, ಮೆಣಸಿನಕಾಯಿ, ಹುರುಳಿಕಾಯಿ ಮೊದಲಾದವುಗಳ ಹೂವಿನ ಶಲಾಕಾಗ್ರದ ಮೇಲೆ ಕುಳಿತರೆ ಕಾಯಿಗಟ್ಟುವಿಕೆ ಕಡಿಮೆಯಾಗುತ್ತದೆ. ಎಲೆಯ ಮೇಲೆ ಸಂಗ್ರಹವಾದರೆ ಹಸಿರು ವರ್ಣದ್ರವ್ಯ ಕುಂದುತ್ತದೆ ಎಂದು ಆ ಅಧ್ಯಯನ ತಿಳಿಸಿತು. ಅಂದಮೇಲೆ ತೋಟದೊಳಗಣ ಕಳೆಯನ್ನು ಕಿತ್ತು ಬದುವಿನ ಕಳೆಯನ್ನು ಬಿಟ್ಟವನು ಅರ್ಧ ಕೆಲಸವನ್ನು ಮಾತ್ರ ಮಾಡಿದಂತಾಯಿತು.

ಆದರೆ ಶಾಸ್ತ್ರವು ಅಲ್ಲಿಗೇ ನಿಲ್ಲಲಿಲ್ಲ. ಬಾಧೆಯೆಲ್ಲಕ್ಕೂ ಪಾರ್ಥೇನಿನ್ ಒಂದೇ ಹೊಣೆಯೇ ಎಂಬ ಪ್ರಶ್ನೆಯನ್ನು ಜರ್ಮನಿಯ ಸಂಶೋಧಕರು ಎತ್ತಿಕೊಂಡರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಎಲೆಯ ಸಾರದಿಂದಾಗುವ ಬಾಧೆಯಲ್ಲಿ ಪಾರ್ಥೇನಿನ್‌ನ ಪಾಲು ಪರೀಕ್ಷೆಗೊಳಗಾದ ಸಸ್ಯದಿಂದ ಸಸ್ಯಕ್ಕೆ ಬಹಳವಾಗಿ ವ್ಯತ್ಯಾಸವಾಗುತ್ತದೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಆ ವಸ್ತುವನ್ನು ಬೇಗನೆ ವಿಘಟಿಸಿಬಿಡುವುದೂ ಕಂಡುಬಂದಿದೆ. ಹೀಗೆ, ಬಾಧೆ ನಿಜವಾದರೂ ಅದು ಶಾಶ್ವತವಲ್ಲ. ಹಸಿ ಅವಶೇಷ ಕೊಳೆಯುವ ಮೊದಲ ಕೆಲವು ವಾರಗಳಲ್ಲಿಯೇ ಅದರ ತೀಕ್ಷ್ಣತೆ ಹೆಚ್ಚು.

ಕಸಿಯುವುದೋ, ವಿಷವಿಕ್ಕುವುದೋ?

ಕಳೆ ಬೆಳೆದ ತೋಟದಲ್ಲಿ ಫಸಲು ಕಡಿಮೆಯಾಯಿತೆಂದರೆ ಅದಕ್ಕೆ ರಸಾಯನವೇ ಕಾರಣವೆಂದು ಹೇಳಿಬಿಡುವುದು ಅವಸರದ ಮಾತು. ಬ್ರೆಜಿಲ್ ದೇಶದಲ್ಲಿ ಜೇಕು, ಅಂದರೆ ಕೊನ್ನಾರಿ ಗಡ್ಡೆಯ ಕಳೆಯ ಬಗೆಗೆ ನಡೆದು 1975ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಕಳೆಯನ್ನು ಕೀಳದೆ ಬಿಟ್ಟಾಗ ಬೆಳ್ಳುಳ್ಳಿಯ ಇಳುವರಿ ಶೇಕಡಾ 89ರಷ್ಟು, ಬೆಂಡೆಯದು ಶೇಕಡಾ 62ರಷ್ಟು, ಟೊಮೇಟೊದ್ದು ಶೇಕಡಾ 53ರಷ್ಟು, ಎಲೆಕೋಸಿನದು ಶೇಕಡಾ 35ರಷ್ಟು ನಷ್ಟವಾಯಿತು. ಅಂಕಿಗಳು ಗಾಬರಿಗೊಳಿಸುವಂತಿವೆ. ಆದರೆ ಈ ನಷ್ಟದಲ್ಲಿ ನೀರು, ಗೊಬ್ಬರ, ಬೆಳಕುಗಳ ಪೈಪೋಟಿಯಿಂದಾದುದೆಷ್ಟು, ರಸಾಯನದಿಂದಾದುದೆಷ್ಟು ಎಂಬುದನ್ನು ಫಸಲಿನ ತೂಕವೊಂದೇ ಹೇಳಲಾರದು. ಬೆಳ್ಳುಳ್ಳಿಯ ಎಲೆ ಕಿರಿದು, ನೆರಳು ಅಲ್ಪ. ಎಲೆಕೋಸಿನ ಎಲೆ ಅಗಲ, ನೆಲವನ್ನು ಬೇಗ ಮುಚ್ಚುತ್ತದೆ. ಈ ಭೇದವೊಂದರಿಂದಲೇ ಅಂತರದ ಬಹುಪಾಲನ್ನು ವಿವರಿಸಬಹುದಲ್ಲವೆ?

ಅವಸರದ ತೀರ್ಮಾನಕ್ಕೆ ಕ್ಯಾಲಿಫೋರ್ನಿಯದ ಒಂದು ಪ್ರಸಂಗ ಪಾಠವಾಗಿದೆ. ಅಲ್ಲಿನ ಗುಡ್ಡಗಳಲ್ಲಿ ಸಾಲ್ವಿಯಾ ಎಂಬ ಸುಗಂಧದ ಪೊದೆಗಳ ಸುತ್ತ ಹುಲ್ಲು ಬೆಳೆಯದ ಬೋಳು ಪಟ್ಟಿಗಳಿದ್ದವು. ಪೊದೆಯ ಎಲೆಗಳಿಂದ ಹೊರಡುವ ಆವಿಗಳೇ ಹುಲ್ಲನ್ನು ತಡೆಯುತ್ತವೆ ಎಂದು 1964ರಲ್ಲಿ ಮುಲ್ಲರ್ ಮತ್ತು ಸಂಗಡಿಗರು ಪ್ರತಿಪಾದಿಸಿದಾಗ ಅದು ಪರಸ್ಪರ ಬಾಧೆಯ ಆದರ್ಶ ನಿದರ್ಶನವೆಂದು ಮನ್ನಣೆ ಪಡೆಯಿತು. ಆದರೆ 1970ರಲ್ಲಿ ಬಾರ್ಥಲೋಮ್ಯೂ ಎಂಬಾತನು ಆ ಬೋಳು ಪಟ್ಟಿಯಲ್ಲಿ ತಂತಿಬಲೆಯ ಆವರಣಗಳನ್ನು ನಿಲ್ಲಿಸಿದನು. ಪೊದೆ ಅಲ್ಲಿಯೇ ಇತ್ತು, ಅದರ ಆವಿಯೂ ಇತ್ತು. ಆದರೂ ಬಲೆಯೊಳಗೆ ಹುಲ್ಲು ಬೆಳೆಯಿತು. ಪೊದೆಯ ಆಶ್ರಯದಲ್ಲಿ ಅಡಗಿದ್ದ ಇಲಿ, ಮೊಲ, ಹಕ್ಕಿಗಳು ಹೊರಬಂದು ಸಸಿ ಬೀಜಗಳನ್ನು ಮೇಯುತ್ತಿದ್ದುದೇ ಆ ಬೋಳುತನಕ್ಕೆ ಬಹುಮಟ್ಟಿಗೆ ಕಾರಣವೆಂದು ತಿಳಿದುಬಂದಿತು. ಪ್ರಯೋಗಶಾಲೆಯಲ್ಲಿ ಆವಿಯ ಶಕ್ತಿ ಸುಳ್ಳಾಗಿರಲಿಲ್ಲ; ಬಯಲಿನಲ್ಲಿ ಅದೇ ಕಾರಣವೆಂದು ಊಹಿಸಿದ್ದು ಮಾತ್ರ ದುಡುಕಾಗಿತ್ತು. ತರ್ಕಶಾಸ್ತ್ರ ಓದಿದವರಿಗೆ ಇದು ಹೊಸತಲ್ಲ: ಹೊಗೆಯಿದ್ದಲ್ಲಿ ಬೆಂಕಿಯನ್ನು ಊಹಿಸಬೇಕಾದರೆ ಅದು ಹೊಗೆಯೇ ಹೌದೆ, ಮಂಜಲ್ಲವೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಶಾಲೆಯಲ್ಲಿ ಮಾಡಬಹುದಾದ ಪರೀಕ್ಷೆ

ಈ ವಿವೇಕವನ್ನು ವಿದ್ಯಾರ್ಥಿಗಳಿಗೆ ಕಲಿಸಲು ದುಬಾರಿ ಉಪಕರಣಗಳು ಬೇಕಿಲ್ಲ. ಪಾರ್ಥೇನಿಯಂ ಚರ್ಮಕ್ಕೂ ಉಸಿರಿಗೂ ಒಗ್ಗದ ಗಿಡವಾದುದರಿಂದ ಮಕ್ಕಳ ಕೈಗೆ ಅದನ್ನು ಕೊಡಬಾರದು. ತೊಳೆದ ಜೇಕಿನ ಗಡ್ಡೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡಿಕೊಂಡರೆ ಸಾಕು. ಹತ್ತು ಗ್ರಾಂ ಪುಡಿಯನ್ನು ನೂರು ಮಿಲಿಲೀಟರ್ ನೀರಿನಲ್ಲಿ ಒಂದು ಅಹೋರಾತ್ರಿ ನೆನೆಸಿ ಸೋಸಬೇಕು. ಆ ಸಾರದ ಒಂದು ಭಾಗವನ್ನು ಹಾಗೆಯೇ, ಇನ್ನೊಂದನ್ನು ಸಮಪಾಲು ನೀರು ಬೆರೆಸಿ, ಮತ್ತೊಂದನ್ನು ಮೂರು ಪಾಲು ನೀರು ಬೆರೆಸಿ ಇಟ್ಟುಕೊಳ್ಳಬೇಕು. ಸೋಸುಕಾಗದ ಹಾಸಿದ ತಟ್ಟೆಗಳಲ್ಲಿ ಇಪ್ಪತ್ತೈದು ಇಪ್ಪತ್ತೈದು ಮೂಲಂಗಿ ಬೀಜಗಳನ್ನು ಹರಡಿ, ಒಂದೊಂದು ಸಾರಕ್ಕೆ ನಾಲ್ಕು ತಟ್ಟೆಗಳಂತೆ ಸಮಪ್ರಮಾಣದಲ್ಲಿ ಹನಿಸಬೇಕು. ನಾಲ್ಕು ತಟ್ಟೆಗಳಿಗೆ ಬರಿಯ ನೀರು. ಇನ್ನು ನಾಲ್ಕು ತಟ್ಟೆಗಳಿಗೆ ಬೇರೊಂದು ಗಿಡದಿಂದ, ಉದಾಹರಣೆಗೆ ಹರಿವೆ ಸೊಪ್ಪಿನಿಂದ, ಅದೇ ಕ್ರಮದಲ್ಲಿ ತೆಗೆದ ಸಾರ. ಈ ಕಡೆಯ ತಟ್ಟೆಗಳನ್ನು ಮರೆಯಲಾಗದು. ಏಕೆಂದರೆ ಯಾವ ಗಾಢ ದ್ರಾವಣವಾದರೂ ಬೀಜವು ನೀರನ್ನು ಹೀರುವುದಕ್ಕೆ ತೊಡಕಾಗುತ್ತದೆ, ಅದಕ್ಕೆ ವಿಷವೇ ಬೇಕೆಂದಿಲ್ಲ.

ಏಳನೆಯ ದಿನ ಎಣಿಸಿ ಅಳೆದಾಗ, ನೀರಿನ ತಟ್ಟೆಯಲ್ಲಿ ಸರಾಸರಿ 23 ಬೀಜಗಳು ಮೊಳೆತು ಬೇರಿನ ಉದ್ದ 40 ಮಿಲಿಮೀಟರ್ ಇತ್ತೆಂದೂ, ಜೇಕಿನ ಸಾರದ ತಟ್ಟೆಯಲ್ಲಿ 20 ಬೀಜಗಳು ಮೊಳೆತು ಉದ್ದ 14 ಮಿಲಿಮೀಟರ್ ಇತ್ತೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಮೊಳಕೆಯಲ್ಲಿ ಕುಗ್ಗಿದ್ದು ಶೇಕಡಾ 13. ಬೇರಿನಲ್ಲಿ ಕುಗ್ಗಿದ್ದು ಶೇಕಡಾ 65. ಬರಿಯ ಮೊಳಕೆಯನ್ನು ಎಣಿಸಿದವನು ಬಾಧೆ ಅಲ್ಪವೆಂದುಕೊಳ್ಳುತ್ತಾನೆ. ಬೇರನ್ನು ಅಳೆದವನಿಗೆ ನಿಜ ತಿಳಿಯುತ್ತದೆ. ಹರಿವೆಯ ಸಾರದಲ್ಲಿಯೂ ಬೇರು ಅಷ್ಟೇ ಕುಗ್ಗಿದ್ದರೆ ಜೇಕಿನ ಮೇಲೆ ದೋಷ ಹೊರಿಸುವಂತಿಲ್ಲ.

ಕಾಗದದ ಮೇಲೆ ಕಂಡದ್ದು ಮಣ್ಣಿನಲ್ಲಿಯೂ ಕಾಣಬೇಕೆಂಬ ನಿಯಮವಿಲ್ಲ. ಆದುದರಿಂದ ಇದೇ ಪರೀಕ್ಷೆಯನ್ನು ತೋಟದ ಮಣ್ಣು ತುಂಬಿದ ಕುಂಡಗಳಲ್ಲಿ ಮತ್ತೆ ಮಾಡಬೇಕು. ಜೇಡಿಯೂ ಸಾವಯವ ಅಂಶವೂ ರಸಾಯನವನ್ನು ಹಿಡಿದಿಟ್ಟುಕೊಳ್ಳುತ್ತವೆ. ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಕೆಲವು ಕುಂಡಗಳ ಮಣ್ಣಿಗೆ ಪಟುಗೊಳಿಸಿದ ಇದ್ದಿಲಿನ ಪುಡಿಯನ್ನು ಬೆರೆಸುವುದು ಶಾಸ್ತ್ರಜ್ಞರು ಅನುಸರಿಸುವ ಇನ್ನೊಂದು ಉಪಾಯ. ಇದ್ದಿಲು ಇಂತಹ ವಸ್ತುಗಳನ್ನು ಹೀರಿ ಬಂಧಿಸುತ್ತದೆ. ಇದ್ದಿಲು ಬೆರೆಸಿದ ಕುಂಡದಲ್ಲಿ ಸಸಿ ಚೇತರಿಸಿಕೊಂಡರೆ ರಸಾಯನದ ಮೇಲಣ ಅನುಮಾನ ಬಲವಾಗುತ್ತದೆ. ಇದ್ದಿಲು ತಾನೇ ಸಸಿಗೆ ಹಿತವೋ ಅಹಿತವೋ ಎಂದು ತಿಳಿಯಲು ಕಳೆಯಿಲ್ಲದ ಕುಂಡಕ್ಕೂ ಅದನ್ನು ಬೆರೆಸಿ ನೋಡಬೇಕು.

ತೋಟಕ್ಕೆ ಸಲ್ಲುವ ನಿಯಮಗಳು

ಸಂದೇಹಗಳು ಉಳಿದಿದ್ದರೂ, ಕಾಯಿಪಲ್ಲೆ ಬೆಳೆಯುವವನು ನಷ್ಟವಿಲ್ಲದೆ ಅನುಸರಿಸಬಹುದಾದ ಕೆಲವು ನಿಯಮಗಳು ಈ ಅಧ್ಯಯನಗಳಿಂದ ಹೊರಡುತ್ತವೆ.

ಮೊದಲನೆಯದು ಕಾಲ. ಕಳೆಯನ್ನು ಹೂಬಿಡುವ ಮುನ್ನವೇ ಕೀಳಬೇಕು. ಆಗ ಬೀಜವೂ ಉದುರದು, ಪರಾಗವೂ ಹಾರದು; ಕೀಳುವವರ ಮೈಗೂ ಕ್ಷೇಮ. ಪಾರ್ಥೇನಿಯಂ ಕೀಳುವಾಗ ಕೈಗವಸು ತೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಅಗತ್ಯ. ಹೆಚ್ಚಿನ ಊರುಗಳಲ್ಲಿ ಈ ಕೆಲಸ ಕೂಲಿಯ ಹೆಣ್ಣುಮಕ್ಕಳ ಪಾಲಿಗೆ ಬರುವುದರಿಂದ, ತೋಟದ ಒಡೆಯನು ಈ ಸಲಕರಣೆಗಳನ್ನು ಒದಗಿಸುವುದು ಉಪಕಾರವಲ್ಲ, ಕರ್ತವ್ಯ.

ಎರಡನೆಯದು ಸ್ಥಳ. ಕಿತ್ತ ಹಸಿ ಕಳೆಯನ್ನು ಸಸಿಮಡಿಯ ಮೇಲೆ ಹಾಸಬಾರದು. ಬಿತ್ತನೆಯ ಹಿಂದುಮುಂದಿನ ದಿನಗಳಲ್ಲಿ ಅದನ್ನು ಮಡಿಯೊಳಗೆ ಹೂಳಬಾರದು. ಹೂಬಿಡದ ಕಳೆಯನ್ನು ಬೇರೆಡೆ ಗುಂಡಿಯಲ್ಲಿ ಸಗಣಿ, ಮಣ್ಣುಗಳೊಡನೆ ಪದರಪದರವಾಗಿ ಹಾಕಿ ಪೂರ್ತಿ ಕೊಳೆಸಿದರೆ ಅದೇ ಗೊಬ್ಬರವಾಗುತ್ತದೆ. ಕಳೆ ಸೇರಿದ ನೆಲದಲ್ಲಿ ಬಿತ್ತಲೇಬೇಕಾದರೆ ಕೆಲವು ವಾರ ಕಾದು, ನೀರು ಹಾಯಿಸಿ, ಮಣ್ಣನ್ನು ಗಾಳಿಗೆ ತೆರೆದು ಬಿತ್ತುವುದು ಲೇಸು. ಸಂದೇಹವಿದ್ದರೆ ಆ ಮಣ್ಣಿನ ಒಂದು ಕುಂಡದಲ್ಲಿಯೂ ಶುದ್ಧ ಮಣ್ಣಿನ ಒಂದು ಕುಂಡದಲ್ಲಿಯೂ ಹತ್ತಾರು ಮೂಲಂಗಿ ಬೀಜಗಳನ್ನು ಹಾಕಿ ವಾರದಲ್ಲಿ ಹೋಲಿಸಿ ನೋಡಿದರೆ ಉತ್ತರ ದೊರೆಯುತ್ತದೆ.

ಮೂರನೆಯದು ಮೇರೆ. ತೋಟದ ಬದುವನ್ನೂ ಕಾಲುವೆಯ ಅಂಚನ್ನೂ ತೋಟದ ಭಾಗವೆಂದೇ ತಿಳಿಯಬೇಕು. ಪಾಳುಭೂಮಿಯಲ್ಲಿ ಕೆಲವರು ಉಪ್ಪಿನ ಗಾಢ ದ್ರಾವಣವನ್ನು ಸಿಂಪಡಿಸಿ ಪಾರ್ಥೇನಿಯಂ ಅನ್ನು ಸುಡುವುದುಂಟು. ಅದು ತರಕಾರಿಯ ನೆಲಕ್ಕೆ ಸಲ್ಲದು. ವಿಷಕ್ಕೆ ಅಂಜಿ ಉಪ್ಪಿನಿಂದ ನೆಲ ಕೆಡಿಸಿಕೊಂಡಂತಾದೀತು.

ನಾಲ್ಕನೆಯದು ನೆರವು. ಬೆಂಗಳೂರಿನಲ್ಲಿ ಮೆಕ್ಸಿಕೊ ದೇಶದಿಂದ 1983ರಲ್ಲಿ ತರಿಸಿದ ಜೈಗೋಗ್ರಾಮ ಎಂಬ ಜೀರುಂಡೆಯನ್ನು ಪರೀಕ್ಷಿಸಿ 1984ರಲ್ಲಿ ಬಯಲಿಗೆ ಬಿಡಲಾಯಿತು. ಮಳೆಗಾಲದಲ್ಲಿ ಅದು ಪಾರ್ಥೇನಿಯಂನ ಎಲೆಗಳನ್ನು ಮೇಯ್ದು ಗಿಡಗಳನ್ನು ಬೋಳಾಗಿಸುತ್ತದೆ. ತಗಚೆಯ ಬಳಗಕ್ಕೆ ಸೇರಿದ ಕ್ಯಾಸಿಯಾ ಸೆರಿಸಿಯಾ ಎಂಬ ಗಿಡವು ಪಾರ್ಥೇನಿಯಂ ಬೆಳೆದೆಡೆಯಲ್ಲಿ ಅದನ್ನು ಹಿಂದೂಡಬಲ್ಲುದೆಂದು ಕರ್ನಾಟಕದಲ್ಲಿಯೇ ನಡೆದ ಅಧ್ಯಯನವನ್ನು 1986ರಲ್ಲಿ ಜೋಶಿ ಮತ್ತು ಮಹದೇವಪ್ಪ ಅವರು ಪ್ರಕಟಿಸಿದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ನೀತಿಯಿದು.

ಮನುಷ್ಯನು ಕಳೆಯೆಂದು ಹೆಸರಿಟ್ಟದ್ದು ತನ್ನ ಪ್ರಯೋಜನವನ್ನು ನೋಡಿ. ಸಸ್ಯವು ತನ್ನ ಬದುಕನ್ನು ತಾನು ಕಾಪಾಡಿಕೊಳ್ಳುತ್ತದೆ, ಅದರಲ್ಲಿ ದ್ವೇಷವಿಲ್ಲ. ಅದನ್ನು ಬೈಯುವುದರಿಂದಲೂ ಭಯಪಡುವುದರಿಂದಲೂ ಫಲವಿಲ್ಲ. ಕಳೆಯು ಕಸಿದುಕೊಂಡುದನ್ನು ಕೀಳುವುದರಿಂದ ತಡೆಯಬಹುದು; ಅದು ಬಿಟ್ಟುಹೋದುದನ್ನು ಕಾಲಜ್ಞಾನದಿಂದ ಮಾತ್ರ ತಪ್ಪಿಸಬಹುದು. ಶಾಲೆಗಳ ಕೈತೋಟಗಳಲ್ಲಿ, ವಿದ್ಯಾರ್ಥಿನಿಲಯಗಳ ಹಿತ್ತಲಿನಲ್ಲಿ ಮಕ್ಕಳು ಎರಡು ಕುಂಡಗಳನ್ನು ಮುಂದಿಟ್ಟುಕೊಂಡು ಬೇರಿನ ಉದ್ದವನ್ನು ಅಳೆಯಲು ಕಲಿತರೆ, ನಾಳೆ ಮೊಳೆಯದ ಬೀಜವನ್ನು ಕಂಡಾಗ ದೂರುವ ಮೊದಲು ಪರೀಕ್ಷಿಸುತ್ತಾರೆ. ಆ ಅಭ್ಯಾಸವು ಕಾಯಿಪಲ್ಲೆಯ ಮಡಿಯಲ್ಲಿ ಬೇರೂರಿದರೆ ಬಾಳಿನ ಇತರ ಕ್ಷೇತ್ರಗಳಲ್ಲಿಯೂ ಫಲ ಕೊಡದೆ ಇರದು.